ಓದಲು ತಡವರಿಸುವ ಮಗು ದಡ್ಡ ಮಗುವಲ್ಲ

ಭಾನುವಾರ ಆಡಿ ನಲಿದ ಮಗುವಿಗೆ ಸೋಮವಾರ ಬೆಳಗಾದೊಡನೆ ಹೊಟ್ಟೆನೋವು. ಔಷಧ ಕೊಡಿಸಿದರೂ ಮರುವಾರ ಅದು ಮರುಕಳಿಸುತ್ತದೆ. ಕೆಲವೊಮ್ಮೆ ಈ ನೋವಿನ ಮೂಲವು ಹೊಟ್ಟೆಯಲ್ಲಿರದೆ ಪುಸ್ತಕದಲ್ಲಿರುತ್ತದೆ. ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳಬಲ್ಲ ಮಗು ನಾಲ್ಕನೆಯ ತರಗತಿಗೆ ಬಂದರೂ ಒಂದು ಸಾಲನ್ನು ಸರಾಗವಾಗಿ ಓದಲಾರದು. ನಾವಾದರೋ ಅದನ್ನು ಸೋಮಾರಿಯೆಂದು ಗದರಿಸುತ್ತೇವೆ.

ಬುದ್ಧಿಯಿದ್ದು, ತಕ್ಕ ಶಿಕ್ಷಣ ದೊರೆತರೂ ಓದು ಕೈಗೂಡದ ಈ ಸ್ಥಿತಿಯನ್ನು ಡಿಸ್ಲೆಕ್ಸಿಯಾ ಎನ್ನುವರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಇಂತಹ ಹದಿನಾಲ್ಕು ವರ್ಷದ ಜಾಣ ಬಾಲಕನೊಬ್ಬನ ಕುರಿತು ಬರೆದರು. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಜೋಡಿಸುವ ಮೆದುಳಿನ ಕ್ರಿಯೆಯಲ್ಲಿನ ತೊಡಕೇ ಇದರ ಮುಖ್ಯ ಕಾರಣ. ಇದು ಅನೇಕ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಇದರಲ್ಲಿ ಮಗುವಿನ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ.

ನಮ್ಮ ಕನ್ನಡವು ನುಡಿದಂತೆ ಬರೆಯುವ ಭಾಷೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೂ ಈ ಮಕ್ಕಳಿಗೆ ಕಾಗುಣಿತ ಮತ್ತು ಒತ್ತಕ್ಷರಗಳು ಕಠಿಣವೇ. ‘ಸೂರ್ಯ’ ಎಂಬಲ್ಲಿ ರಕಾರದ ಧ್ವನಿ ಯಕಾರಕ್ಕಿಂತ ಮೊದಲು ಬರುತ್ತದೆ. ಅದರ ಗುರುತಾದ ಅರ್ಕಾವೊತ್ತು ಮಾತ್ರ ಯಕಾರದ ನಂತರ ನಿಲ್ಲುತ್ತದೆ. ದೀರ್ಘ ಬಿಡುವುದು, ಬ-ಭ, ದ-ಧಗಳನ್ನು ಅದಲುಬದಲು ಮಾಡುವುದು ಎಳೆಯ ಮಕ್ಕಳಲ್ಲಿ ಸಹಜ. ಎರಡು-ಮೂರು ವರ್ಷ ಕಲಿತ ಮೇಲೂ ಅದು ನಿಲ್ಲದಿದ್ದರೆ ನಾವು ಎಚ್ಚರಗೊಳ್ಳಬೇಕು.

ಮೊದಲು ಕಣ್ಣು ಮತ್ತು ಕಿವಿಗಳ ಪರೀಕ್ಷೆಯಾಗಲಿ. ಅವು ಸರಿಯಿದ್ದರೆ ಮನಶ್ಶಾಸ್ತ್ರಜ್ಞರಿಂದ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದಕ್ಕೆ ತಜ್ಞರಿದ್ದಾರೆ. ಡಿಸ್ಲೆಕ್ಸಿಯಾವನ್ನು ಹೋಗಲಾಡಿಸುವ ಮಾತ್ರೆಯಿಲ್ಲ. ಕ್ರಮವಾದ ಬೋಧನೆಯೇ ಇದಕ್ಕೆ ಮದ್ದು.

ಮನೆಯಲ್ಲಿ ನಾವು ಮಾಡಬಹುದಾದುದೂ ಉಂಟು. ನೂರು ಸಲ ನಕಲು ಬರೆಸುವುದನ್ನು ಬಿಟ್ಟು, ದಿನಕ್ಕೆ ಹದಿನೈದು ನಿಮಿಷ ಜೊತೆಯಲ್ಲಿ ಕುಳಿತು ಓದಿಸೋಣ. ‘ಕಮಲ’ ಎಂಬ ಪದವನ್ನು ಮೂರು ಚಪ್ಪಾಳೆಗಳಲ್ಲಿ ಬಿಡಿಸೋಣ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತ ಅದರ ಧ್ವನಿಯನ್ನು ಮಗುವಿನಿಂದಲೇ ನುಡಿಸೋಣ. ಒಂದು ಒತ್ತಕ್ಷರ ಕರಗತವಾದ ಮೇಲೆಯೇ ಮುಂದಿನದಕ್ಕೆ ಹೋಗೋಣ. ಪಾಠವನ್ನು ನಾವು ಓದಿ ಹೇಳಿದರೆ, ಓದು ನಿಧಾನವಾದರೂ ತಿಳಿವಳಿಕೆ ಹಿಂದುಳಿಯದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಅರ್ಹ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆಯಲು ಸಹಾಯಕರು ದೊರೆಯುತ್ತಾರೆ. ಇದು ಕರುಣೆಯಲ್ಲ, ಹಕ್ಕು. ಪ್ರಮಾಣಪತ್ರ ಪಡೆದರೆ ಮಗುವಿಗೆ ಕಳಂಕ ತಟ್ಟೀತೆಂದು ನಾವು ಹಿಂಜರಿಯಬಾರದು.

ಓದಿನ ತೊಡಕು ಬಹುಕಾಲ ಉಳಿಯಬಹುದು; ಅದರೊಡನೆ ಬಾಳುವುದನ್ನು ಮಗು ಕಲಿಯಬಲ್ಲದು. ಆದರೆ ‘ನಾನು ದಡ್ಡ’ ಎಂಬ ನಂಬಿಕೆ ಒಮ್ಮೆ ಮನದಲ್ಲಿ ಬೇರೂರಿದರೆ ಕೀಳುವುದು ಕಷ್ಟ. ಆ ಬೀಜವನ್ನು ಬಿತ್ತುವವರು ಹೆಚ್ಚಾಗಿ ನಾವೇ. ಅದನ್ನು ಬಿತ್ತದಿರುವುದೂ ನಮ್ಮ ಕೈಯಲ್ಲೇ ಇದೆ.