ಆಸರೆಯಲ್ಲಿ ಅಳಿದ ಬೆಕ್ಕುಗಳ ನೆನಹು

ದಾಸೋಹವೆಂದೊಡನೆ ಗೃಹಸ್ಥಭಕ್ತನ ಮನಸ್ಸು ಅನ್ನದ ಪಂಕ್ತಿಯ ಕಡೆಗೆ ಹರಿಯುತ್ತದೆ. ಅದು ಸಹಜವೇ ಸರಿ. ಆದರೆ ಹಿತ್ತಲ ಗೋಡೆಯ ಮಗ್ಗುಲಲ್ಲಿ ಮಳೆಗೆ ನೆನೆದು ನಡುಗುತ್ತಿರುವ, ಇನ್ನೂ ಕಣ್ಣು ತೆರೆಯದ ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಸುತ್ತಿ ಒಳತಂದ ಮನೆಯೊಡತಿ ಮಾಡಿದುದು ಯಾವ ಕ್ರಿಯೆ? ಮೂರನೆಯ ದಿನ ಆ ಮರಿ ಅವಳ ಕೈಯಲ್ಲಿಯೇ ಪ್ರಾಣಬಿಟ್ಟರೆ ಆ ಕ್ರಿಯೆಯ ಗತಿಯೇನು? ಸಾಯುವುದನ್ನು ತಂದು ಸಂಕಟಪಟ್ಟೆಯಲ್ಲ ತಾಯಿ ಎಂದು ನೆರೆಹೊರೆಯವರು ಮರುಗುವುದುಂಟು, ನಗುವವರೂ ಉಂಟು. ಅನಾಥಪ್ರಾಣಿಗಳಿಗೆಂದು ಆಸರೆಮನೆಗಳನ್ನು ನಡೆಸುವವರಿಗೆ ಈ ಮಾತು ಒಮ್ಮೆಯಲ್ಲ, ವಾರವಾರವೂ ಎದುರಾಗುತ್ತದೆ. ಉಳಿಸಲೆಂದು ತಂದುದು ಅಳಿದಾಗ ಮಾಡಿದ ಸೇವೆ ವ್ಯರ್ಥವಾಯಿತೆ, ಅಳಿದುದನ್ನು ಯಾವ ರೀತಿಯಲ್ಲಿ ನೆನೆಯಬೇಕು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಗೊರೇಬಾಳದ ಸೀಮೆಯಲ್ಲಿ ಈ ಪ್ರಶ್ನೆ ಹೊಲದಿಂದಲೇ ಏಳುತ್ತದೆ. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆಗೆ ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು. ನೆಲ್ಲು ಬಂದಲ್ಲಿ ಇಲಿ ಬಂದಿತು. ಇಲಿ ಬಂದಲ್ಲಿ ಬೆಕ್ಕು ಬೇಕಾಯಿತು. ಕೂಲಿ ಕೇಳದೆ ಕಾಳು ಕಾಯುವ ಈ ಪ್ರಾಣಿ ಇಂದು ಹೆಚ್ಚಾಗಿ ಸಾಯುವ ಬಗೆಗಳಲ್ಲಿ ಒಂದು, ಇಲಿಗೆಂದು ಇಟ್ಟ ವಿಷದಿಂದ. ಬ್ರೊಮಾಡಯೊಲೋನ್ ಎಂಬ ಮದ್ದು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅದನ್ನು ತಿಂದ ಇಲಿ ಒಡನೆಯೇ ಸಾಯದೆ ಕೆಲವು ದಿನ ಮಂಕಾಗಿ ತಿರುಗುತ್ತದೆ. ಬೆಕ್ಕಿಗೆ ಬೇಗ ಸಿಕ್ಕುವುದೂ ಅಂಥ ಇಲಿಯೇ. ವಿಷ ಹೀಗೆ ಬೆಕ್ಕಿನ ಒಡಲನ್ನು ಸೇರಿ ಒಸಡಿನಿಂದ, ಮೂಗಿನಿಂದ, ಕೆಲವೊಮ್ಮೆ ಹೊರಗೆ ಕಾಣದಂತೆ ಎದೆಯೊಳಗೆ ರಕ್ತಸ್ರಾವವಾಗುತ್ತದೆ. ಕಾಲ ಮೀರುವ ಮೊದಲು ಪಶುವೈದ್ಯರಲ್ಲಿಗೆ ಒಯ್ದರೆ ಕೆ-೧ ಜೀವಸತ್ವದ ಚಿಕಿತ್ಸೆಯಿಂದ ಅದು ಬದುಕುವ ಸಾಧ್ಯತೆಯುಂಟು. ಆ ಚಿಕಿತ್ಸೆಯನ್ನು ವಾರಗಟ್ಟಲೆ ಬಿಡದೆ ನಡೆಸಬೇಕು. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ವಿಷಕ್ಕಾದರೋ ಪ್ರತಿಮದ್ದೇ ಇಲ್ಲ. ವಿಷವಿಟ್ಟ ಮನೆಯವರು ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳುವ ಶ್ರಮವನ್ನಾದರೂ ವಹಿಸಿದರೆ ಎಷ್ಟೋ ಬೆಕ್ಕುಗಳು ಉಳಿದಾವು.

ಆಸರೆಮನೆಗಳಲ್ಲಿ ಅತಿಯಾಗಿ ಸಾಯುವುವು ಮರಿಗಳೇ. ತಾಯಿಯಿಲ್ಲದ ಎಳೆಯ ಮರಿ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಕರುಣೆಯಿಂದ ಆಕಳ ಹಾಲನ್ನು ಕುಡಿಸುವವರು ಬಹಳ. ಆದರೆ ಆ ಹಾಲು ಮರಿಗೆ ಒಗ್ಗದೆ ಭೇದಿಯಾಗಿ ಅದು ಇನ್ನಷ್ಟು ಸೊರಗುತ್ತದೆ. ಮೈ ತಣ್ಣಗಿರುವಾಗ ಹಾಲು ಕುಡಿಸುವುದೂ ಅಪಾಯವೇ. ಮೊದಲು ಶಾಖ, ಅನಂತರ ಆಹಾರ. ಇದೆಲ್ಲವನ್ನೂ ಅರಿತು ನಡೆದರೂ ಪ್ಯಾನ್‌ಲ್ಯೂಕೋಪೀನಿಯ ಎಂಬ ಸೋಂಕು ಹೊಕ್ಕರೆ, ವಾಂತಿಭೇದಿಗಳಿಂದ ಒಂದೆರಡು ದಿನಗಳಲ್ಲಿಯೇ ಗೂಡು ಬರಿದಾಗುವುದುಂಟು. ಆದಕಾರಣ ಆಸರೆಯಲ್ಲಿ ಸಾವು ಸಂಭವಿಸಿತೆಂದ ಮಾತ್ರಕ್ಕೆ ಅದು ಅಲಕ್ಷ್ಯದ ಫಲವೆಂದು ತಿಳಿಯಲಾಗದು. ಹಾಗೆಂದು ಎಲ್ಲ ಸಾವನ್ನೂ ಶಿವನಿಚ್ಛೆಯೆಂದು ಕೈತೊಳೆದುಕೊಳ್ಳುವುದೂ ಭಕ್ತನ ಲಕ್ಷಣವಲ್ಲ.

ಅಳಿದ ಮೂಕಜೀವವನ್ನು ನೆನೆಯುವುದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಕ್ರಿ. ಶ. ೯೪೯-೫೦ರ ಆತಕೂರಿನ ಶಾಸನ ಇದಕ್ಕೆ ದೊಡ್ಡ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಎರಡೂ ಕೂಡಿಯೇ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಭೂಮಿಯನ್ನು ಬಿಟ್ಟುದಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವ, ಎಂದರೆ ಶೈವಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಶಾಸನವೇ ವಿಧಿಸಿದೆ. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎಷ್ಟೋ ಸಾಮಂತರ ಹೆಸರು ಮರೆತುಹೋದರೂ ಒಂದು ನಾಯಿಯ ಹೆಸರು ಸಾವಿರ ವರ್ಷಗಳಿಂದ ಉಳಿದುಬಂದಿದೆ.

ಆತಕೂರು ಇರುವ ಮದ್ದೂರು ತಾಲ್ಲೂಕಿನಲ್ಲಿಯೇ ಬೆಕ್ಕಳಲೆ ಎಂಬ ಗ್ರಾಮವಿದೆ. ಅಲ್ಲಿಯ ಜನ ಬೆಕ್ಕನ್ನು ಮಂಗಮ್ಮದೇವಿಯ ರೂಪವೆಂದು ನಂಬಿ ಗುಡಿಯಲ್ಲಿ ಪೂಜಿಸುತ್ತಾರೆ. ಬೆಕ್ಕಿಗೆ ಯಾರೂ ಕೇಡು ಮಾಡುವುದಿಲ್ಲ. ಊರಲ್ಲಿ ಬೆಕ್ಕು ಸತ್ತರೆ ವಿಧಿಪೂರ್ವಕವಾಗಿ ಹೂಳುತ್ತಾರೆ. ಬೆಂಗಳೂರಿನ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳಿಗೆಂದೇ ರುದ್ರಭೂಮಿಯೊಂದುಂಟು. ದೂರದೇಶಗಳ ಮಾತೂ ಹೀಗೆಯೇ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯೫೦೦ ವರ್ಷಗಳ ಹಿಂದೆ ಮನುಷ್ಯನ ಮಗ್ಗುಲಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಪಂಜರದ ವಿಷಯವನ್ನು ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದರು. ಮನೆಯ ಬೆಕ್ಕು ಸತ್ತರೆ ಈಜಿಪ್ಟಿನವರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ.

ಇವೆಲ್ಲವನ್ನೂ ಶರಣರ ಕಣ್ಣಿನಿಂದ ನೋಡುವುದು ಯುಕ್ತ. ಕಲ್ಲಿನ ಹಾವಿಗೆ ಸಲ್ಲುವ ಆದರಕ್ಕೂ ಹರಿದಾಡುವ ಹಾವಿಗೆ ಸಲ್ಲುವ ಪೆಟ್ಟಿಗೂ ಇರುವ ಅಂತರವನ್ನು ಬಸವಣ್ಣನವರು ಎತ್ತಿ ತೋರಿದ ವಚನವನ್ನು ಕೇಳದ ಲಿಂಗವಂತರ ಮನೆಯಿಲ್ಲ. ಬೆಕ್ಕಿನ ವಿಷಯದಲ್ಲಿ ನಮ್ಮ ಸಮಾಜದ ನಡೆ ಇದಕ್ಕಿಂತಲೂ ವಿಚಿತ್ರ. ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕನ್ನು ದಾನಮಾಡಬೇಕೆಂಬ ನಂಬಿಕೆ ಒಂದು ಕಡೆ. ಬೆಕ್ಕು ಅಡ್ಡಬಂದರೆ ಕೆಲಸ ಕೆಟ್ಟಿತೆಂದು ಹಿಂದಿರುಗುವ, ಇಲ್ಲವೆ ಕಲ್ಲೆಸೆಯುವ ಪದ್ಧತಿ ಇನ್ನೊಂದು ಕಡೆ. ಸತ್ತ ಬೆಕ್ಕಿಗೆ ಚಿನ್ನ, ಬದುಕಿದ ಬೆಕ್ಕಿಗೆ ಕಲ್ಲು! ಶಕುನವನ್ನೂ ಪಂಚಸೂತಕಗಳನ್ನೂ ಶರಣರು ತಳ್ಳಿಹಾಕಿದರು. ಆದುದರಿಂದ ಮನೆಯಲ್ಲಿ ಬೆಕ್ಕು ಸತ್ತಿತೆಂದು ಮೈಲಿಗೆಯೆಣಿಸಿ, ಅದನ್ನು ಕೋಲಿನಿಂದ ಎತ್ತಿ ತಿಪ್ಪೆಗೆಸೆಯುವುದು ಭಕ್ತನಿಗೆ ತಕ್ಕುದಲ್ಲ. ಅದಕ್ಕೆ ಮಂತ್ರಕ್ರಿಯೆಗಳೂ ಬೇಕಿಲ್ಲ. ಬೆಕ್ಕಿನ ಸಮಾಧಿಯ ಮೇಲೆ ಹೊಸ ಗದ್ದುಗೆ ಏಳುವುದು ಕಾಳಿಯ ಕಲ್ಲಿನ ಕಾಲಕ್ಕೆ ಹಿಂದಿರುಗಿದಂತೆ. ನಾಯಿನರಿಗಳು ತೋಡದಷ್ಟು ಆಳದ ಕುಳಿ, ಹಳೆಯ ಅರಿವೆಯ ತುಂಡು, ಬಾವಿಯಿಂದ ದೂರದ ಜಾಗ, ಇಷ್ಟು ಸಾಕು.

ಹಾಗಾದರೆ ನೆನಹೆಲ್ಲಿ? ಇದಕ್ಕೆ ಉತ್ತರವನ್ನು ಗೊರೇಬಾಳದ ಸುತ್ತಿನವರು ದೂರ ಹೋಗಿ ಅರಸಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರು. ಕಲ್ಯಾಣದಲ್ಲಿ ಮಾರಯ್ಯನವರ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಯಾರೂ ಲೆಕ್ಕಕ್ಕೆ ಹಿಡಿಯದ, ಕಾಲಿಗೆ ಸಿಕ್ಕಿ ಮಣ್ಣುಪಾಲಾಗುವ ಕಾಳು ಅದು. ಬೀದಿಯ ಮರಿಯನ್ನು ಎತ್ತಿಕೊಳ್ಳುವವನ ಕೆಲಸಕ್ಕೂ ಈ ಆಯುವ ಕಾಯಕಕ್ಕೂ ಹತ್ತಿರದ ನಂಟುಂಟು. ಆದರೆ ಕಥೆಯ ತಿರುಳು ಅಲ್ಲಿಗೇ ಮುಗಿಯುವುದಿಲ್ಲ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ. ಮಿಕ್ಕುದನ್ನು ತಂದಲ್ಲಿಯೇ ಸುರಿದುಬರುವಂತೆ ಹೇಳಿ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆಯುವುದು ಪುಣ್ಯವೆಂದು ಅಳತೆ ಮೀರಿ ಆಯುವಂತಿಲ್ಲ.

ಕರುಣೆಯ ಮನೆಗಳು ಕೆಡುವುದು ಹೆಚ್ಚಾಗಿ ಈ ಅಳತೆಯನ್ನು ಮರೆತಾಗಲೇ. ಹತ್ತು ಬೆಕ್ಕುಗಳಿಗೆ ಜಾಗವಿರುವಲ್ಲಿ ಮೂವತ್ತನ್ನು ತುಂಬಿದರೆ ಗಾಳಿ ಕೆಡುತ್ತದೆ, ಜಗಳ ಹೆಚ್ಚುತ್ತದೆ, ಒಂದರ ಸೋಂಕು ಎಲ್ಲಕ್ಕೂ ತಗಲುತ್ತದೆ. ಬೆಕ್ಕಾದರೋ ತನ್ನ ನೋವನ್ನು ಅಡಗಿಸುವ ಪ್ರಾಣಿ. ಉಣ್ಣುವುದನ್ನು ಬಿಟ್ಟು ಮೂಲೆ ಸೇರಿದುದು ಆ ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲವೆನ್ನಲಾರದ ಮೆದುಮನಸ್ಸೇ ಅಲ್ಲಿ ಸಾವಿಗೆ ದಾರಿಯಾಗುತ್ತದೆ. ಬಾಗಿಲಿಗೆ ಬಂದುದನ್ನು ತಿರುಗಿಸಿ ಕಳುಹಿಸುವುದು ಕಠಿನ. ಆದರೂ ಬೇರೆ ಮನೆಯವರನ್ನು ಒಪ್ಪಿಸುವುದು, ಗಂಡು ಹೆಣ್ಣು ಬೆಕ್ಕುಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ ಬೀದಿಗೆ ಬೀಳುವ ಮರಿಗಳನ್ನೇ ಕಡಮೆ ಮಾಡುವುದು, ಇವು ಲಕ್ಕಮ್ಮನವರ ಅಳತೆಗೆ ಒಪ್ಪುವ ಮಾರ್ಗಗಳು. ಬೇಡವಾದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿ ಬಿಟ್ಟುಬರುವ ಗೃಹಸ್ಥರು ಮಾತ್ರ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಅದನ್ನು ಅಪರಾಧವೆಂದು ಎಣಿಸುವುದನ್ನು ಅರಿತಿರಬೇಕು.

ಅಳಿದವುಗಳ ನೆನಹು ನಿಲ್ಲಬೇಕಾದುದು ಲೆಕ್ಕದ ಪುಸ್ತಕದಲ್ಲಿ. ಈ ಮಾತು ಒರಟಾಗಿ ತೋರಬಹುದು. ಆದರೆ ಬಿಜ್ಜಳನ ಭಂಡಾರದ ಲೆಕ್ಕವನ್ನು ಹೊತ್ತ ಬಸವಣ್ಣನವರಿಗೆ ಲೆಕ್ಕವೂ ಕಾಯಕವೇ ಆಗಿತ್ತು. ಬೆಕ್ಕಿಗೆ ಇಟ್ಟ ಹೆಸರು, ಬಂದ ದಿನ, ಬಂದಾಗಿನ ಸ್ಥಿತಿ, ಕೊಟ್ಟ ಆಹಾರ, ಮದ್ದು, ಸತ್ತ ದಿನ, ವೈದ್ಯರು ಕಂಡ ಕಾರಣ, ಇಷ್ಟನ್ನೂ ಬರೆದಿಡಬೇಕು. ಬದುಕಿದವುಗಳ ಚಿತ್ರವನ್ನು ಮಾತ್ರ ಗೋಡೆಗೆ ತೂಗುಹಾಕಿ, ಸತ್ತವುಗಳ ಹೆಸರನ್ನು ಹೊಡೆದುಹಾಕುವ ಆಸರೆಮನೆ ದಾನಿಗಳಿಗೂ ಸುಳ್ಳಾಡಿತು, ಸತ್ತ ಜೀವಕ್ಕೂ ಎರಡನೆಯ ಸಾವನ್ನು ತಂದಿತು. ಬರೆದಿಟ್ಟ ಮನೆಗಾದರೋ ಆ ಹೆಸರುಗಳೇ ಗುರುವಾಗುತ್ತವೆ. ಒಂದೇ ಕೋಣೆಯಲ್ಲಿ ಇಟ್ಟ ಮರಿಗಳು ಸಾಲಾಗಿ ಸತ್ತುದು ಪುಟದ ಮೇಲೆ ಕಂಡಾಗ, ಸೋಂಕು ಆ ಕೋಣೆಯಲ್ಲಿಯೇ ಕುಳಿತಿದೆಯೆಂದು ತಿಳಿಯುತ್ತದೆ. ಪ್ಯಾನ್‌ಲ್ಯೂಕೋಪೀನಿಯದ ವೈರಾಣು ಒಣನೆಲದಲ್ಲಿ, ಅರಿವೆಯಲ್ಲಿ ಒಂದು ವರ್ಷದವರೆಗೂ ಜೀವಿಸಬಲ್ಲದು. ಸಾಬೂನಿನ ನೀರಿಗೆ ಅದು ಜಗ್ಗುವುದಿಲ್ಲ. ಹಾಸಿದ ಅರಿವೆಗಳನ್ನು ಸುಟ್ಟು, ನೆಲಗೋಡೆಗಳನ್ನು ಮೊದಲು ತೊಳೆದು ಬಳಿಕ ಬ್ಲೀಚಿಂಗ್ ದ್ರಾವಣದಿಂದ ಒರಸಿ, ಮುಂದೆ ಬರುವ ಮರಿಗಳಿಗೆ ವೈದ್ಯರಿಂದ ಲಸಿಕೆ ಹಾಕಿಸಿ ರಕ್ಷಣೆ ಮೂಡುವವರೆಗೆ, ಆ ಕೋಣೆಯ ಬಾಗಿಲನ್ನು ಅವುಗಳಿಗೆ ತೆರೆಯಬಾರದು.