ಸೈಕಲ್ ಮೇಲೆ ಶೌರ್ಯ ಬೇಡ

ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೆಸರು ಕೊಟ್ಟಿದ್ದೀರಾ? ಸಂತೋಷ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಹೊಸಬರು ಹೆದರುವುದು ಈಜಿಗೆ, ಕೆಡುವುದು ಸೈಕಲ್ ಮೇಲೆ. ನೀರಿನಿಂದ ಎದ್ದುಬಂದ ಹುಮ್ಮಸ್ಸಿನಲ್ಲಿ ಪಕ್ಕದವನನ್ನು ಹಿಂದೆ ಹಾಕುವ ಚಪಲ ಹುಟ್ಟುತ್ತದೆ. ಹಾಕಬೇಡಿ. ಅಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಓಟದಲ್ಲಿ ಬಡ್ಡಿ ಸಮೇತ ತೆರಬೇಕಾದೀತು. ಮಾತಾಡುತ್ತ ತುಳಿಯುವಷ್ಟೇ ವೇಗ ಸಾಕು.

ಇನ್ನೊಂದು ಮಾತು, ಇದು ಜೀವಕ್ಕೇ ಸಂಬಂಧಿಸಿದ್ದು. ಕರಾವಳಿಯ ಸೆಕೆಗೆ ಬೆದರಿ ಕೊಡಗಟ್ಟಲೆ ಬರೀ ನೀರು ಕುಡಿಯಬೇಡಿ. ರಕ್ತದ ಸೋಡಿಯಂ ಇಳಿದರೆ ವಾಕರಿಕೆ, ತಲೆನೋವು, ಮಂಕು. ವಿಪರೀತಕ್ಕೆ ಹೋದರೆ ಫಿಟ್ಸ್. ಬಾಯಾರಿದಾಗ ಕುಡಿಯಿರಿ, ಉಪ್ಪಿನಂಶ ಇರುವ ಪಾನೀಯವೂ ಜೊತೆಗಿರಲಿ. ಉಪ್ಪಿದೆಯೆಂದು ಅದನ್ನೂ ಮಿತಿಮೀರಿ ಕುಡಿಯುವಂತಿಲ್ಲ. ಸ್ಪರ್ಧೆಯ ಹಿಂದಿನ ದಿನ ಮಳಿಗೆಯಲ್ಲಿ ಕಂಡ ಹೊಸ ಜೆಲ್, ಹೊಸ ಶೂ ಎರಡನ್ನೂ ಅಲ್ಲೇ ಬಿಟ್ಟುಬನ್ನಿ. (ಡಿಸ್ಕೌಂಟ್ ಇದ್ದರೂ!)

ಬೆಂಗಳೂರಿನ ಈಜುಕೊಳದಲ್ಲಷ್ಟೇ ಪಳಗಿದವರು ಮೊದಲೇ ನಾಲ್ಕಾರು ಸಲ, ಬಲ್ಲವರ ಜೊತೆಗೆ, ಕಡಲಿಗಿಳಿಯಿರಿ. ಅಲೆಗೆ ಲೇನ್ ಗೊತ್ತಿಲ್ಲ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ನಿಂತುಬಿಡಿ, ವೈದ್ಯರನ್ನು ಕರೆಯಿರಿ. ಪದಕ ಮುಂದಿನ ವರ್ಷವೂ ಸಿಗುತ್ತದೆ.