ಸಾಮಾನಿನ ಬಳಿಯಲ್ಲಿ ನಿಂತವರ ಪಾಲು

ಓದತಕ್ಕ ವೇದಭಾಗ: ೧ ಸಮುವೇಲ ೩೦:೯–೨೫

ದಾವೀದನು ಅಮಾಲೇಕ್ಯರನ್ನು ಹಿಂದಟ್ಟಿದಾಗ ಆತನ ಆರು ನೂರು ಮಂದಿಯಲ್ಲಿ ಇನ್ನೂರು ಮಂದಿ ಬಹಳ ದಣಿದು ಬೆಸೋರ್ ಹಳ್ಳದ ಈಚೆಯಲ್ಲಿಯೇ ನಿಂತರು. ಜಯಹೊಂದಿ ಬಂದವರಲ್ಲಿ ಕೆಲವರು ಇವರಿಗೆ ಕೊಳ್ಳೆಯಲ್ಲಿ ಪಾಲಿಲ್ಲವೆಂದರು. ದಾವೀದನಾದರೋ ಸಾಮಾನು ಕಾದವರಿಗೂ ಯುದ್ಧಮಾಡಿದವರಿಗೂ ಸಮಭಾಗವೆಂದು ತೀರ್ಪುಕೊಟ್ಟನು. ಈ ನ್ಯಾಯಕ್ಕೆ ನಮ್ಮ ನಾಡಿನ ಒಬ್ಬ ಆಟಗಾರರ ಜೀವಿತದಿಂದ ದೃಷ್ಟಾಂತ ಹೇಳುತ್ತೇವೆ.

ಕಿಕ್ಕೇರಿಯಂಥ ಊರುಗಳ ಬಯಲಿನಲ್ಲಿ ಕ್ರಿಕೆಟ್ ಆಡುವ ಹುಡುಗರು ರಾಹುಲ್ ದ್ರಾವಿಡರ ಹೆಸರನ್ನು ಬಲ್ಲರು. ಇವರು ೧೯೭೩ರಲ್ಲಿ ಇಂದೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದರು. ಕೇಕಿ ತಾರಾಪೋರರೆಂಬ ಶಿಕ್ಷಕರು ಬಾಲ್ಯದಲ್ಲಿ ಇವರನ್ನು ಪಳಗಿಸಿದರು. ೧೯೯೬ರಿಂದ ೨೦೧೨ರ ವರೆಗೆ ೧೬೪ ಟೆಸ್ಟ್ ಪಂದ್ಯಗಳನ್ನಾಡಿ ೧೩,೨೮೮ ಓಟಗಳನ್ನು ಗಳಿಸಿದರು. ಆದರೆ ೨೦೦೭ರಲ್ಲಿ ಇವರು ನಾಯಕರಾಗಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಕರೆದುಕೊಂಡು ಹೋದ ತಂಡವು ವಿಶ್ವಕಪ್ಪಿನ ಮೊದಲನೆಯ ಸುತ್ತಿನಲ್ಲಿಯೇ ಸೋತು ಹಿಂದಿರುಗಿತು. ಆಟಗಾರರಾಗಿದ್ದ ಕಾಲದಲ್ಲಿ ಆ ಕಪ್ಪು ಇವರಿಗೆ ದೊರೆಯಲೇ ಇಲ್ಲ.

ಆಟ ಬಿಟ್ಟ ಮೇಲೆ ಇವರು ಹತ್ತೊಂಭತ್ತು ವರುಷದೊಳಗಿನ ಹುಡುಗರನ್ನು ಕಲಿಸುವ ಕೆಲಸವನ್ನು ಹಿಡಿದರು. ಆ ಹುಡುಗರು ೨೦೧೬ರ ಅಂತಿಮ ಪಂದ್ಯದಲ್ಲಿ ಸೋತರು. ೨೦೧೮ರಲ್ಲಿ ವಿಶ್ವಕಪ್ಪನ್ನು ಗೆದ್ದರು. ಆಗ ಕ್ರಿಕೆಟ್ ಮಂಡಲಿಯವರು ದ್ರಾವಿಡರಿಗೆ ೫೦ ಲಕ್ಷ, ಒಬ್ಬೊಬ್ಬ ಹುಡುಗನಿಗೆ ೩೦ ಲಕ್ಷ, ಜೊತೆಯ ಕೆಲಸಗಾರರಲ್ಲಿ ಒಬ್ಬೊಬ್ಬರಿಗೆ ೨೦ ಲಕ್ಷ ರೂಪಾಯಿ ಬಹುಮಾನ ಸಾರಿದರು. ದ್ರಾವಿಡರು ಈ ಭೇದಕ್ಕೆ ಒಪ್ಪಲಿಲ್ಲ. ಕಡೆಗೆ ಅವರಿಗೂ ಜೊತೆಯವರಿಗೂ ತಲೆಗೆ ೨೫ ಲಕ್ಷವೆಂದು ಗೊತ್ತಾಯಿತು. ತನ್ನ ಪಾಲಿನಲ್ಲಿ ಅರ್ಧವನ್ನು ಬಿಟ್ಟದ್ದರಿಂದಲೇ ಅವರಿಗೆ ಸಮಾಧಾನವಾಯಿತು.

೨೦೨೧ರಲ್ಲಿ ಇವರು ಭಾರತ ತಂಡದ ಮುಖ್ಯ ಶಿಕ್ಷಕರಾದರು. ೨೦೨೩ರ ನವೆಂಬರಿನಲ್ಲಿ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಸೋಲು ಬಂತು. ೨೦೨೪ನೆಯ ಜೂನ್ ೨೯ರಲ್ಲಿ, ಹದಿನೇಳು ವರುಷಗಳ ಹಿಂದೆ ಅವಮಾನವಾದ ಅದೇ ವೆಸ್ಟ್ ಇಂಡೀಸಿನಲ್ಲಿ, ಬಾರ್ಬಡೋಸ್ ದ್ವೀಪದೊಳಗೆ, ಅವರ ಶಿಷ್ಯರು ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಏಳು ಓಟಗಳಿಂದ ಗೆದ್ದು ಕಪ್ಪನ್ನು ಗುರುವಿನ ಕೈಗೆ ಕೊಟ್ಟರು. ಆಗಲೂ ತನಗೆಂದಿದ್ದ ೫ ಕೋಟಿಯನ್ನು ಬಿಟ್ಟು, ಜೊತೆಯ ಶಿಕ್ಷಕರಿಗೆ ಸಂದ ೨.೫ ಕೋಟಿಯಷ್ಟೇ ಸಾಕೆಂದರು.

ಸಹೋದರ ಸಹೋದರಿಯರೇ, ಮನುಷ್ಯನನ್ನು ಹೊಗಳಿ ಸುಮ್ಮನಾಗುವದು ಈ ಪಾಠದ ಉದ್ದೇಶವಲ್ಲ. ದಾವೀದನು ಸಮಪಾಲು ಕೊಡಿಸಿದ್ದಕ್ಕೆ ಕಾರಣವೇನಂದರೆ, ಜಯವು ಕರ್ತನ ದಾನವೆಂದು ಅವನು ಅರಿತಿದ್ದನು. ದಾನವಾಗಿ ಬಂದದ್ದನ್ನು ಸ್ವಂತ ಸಂಪಾದನೆಯಂತೆ ಹಿಡಿದುಕೊಳ್ಳುವದು ಸರಿಯೋ? ನಮ್ಮ ಸಭೆಗಳಲ್ಲಿ ಉಪದೇಶಿಯ ಮಾತನ್ನು ಎಲ್ಲರೂ ನೆನಸುತ್ತಾರೆ. ಮುಂಜಾನೆಯೇ ಬಂದು ಗುಡಿಯನ್ನು ಗುಡಿಸಿ, ದೀಪಕ್ಕೆ ಎಣ್ಣೆ ಹಾಕಿ, ಚಾಪೆ ಹಾಸುವ ವಿಧವೆಯನ್ನು ಯಾರು ನೆನಸುತ್ತಾರೆ? ಹಿರಿಯರೇ, ನೀವು ಕಲಿಸಿದ ತರುಣನು ನಿಮಗಿಂತ ಚೆನ್ನಾಗಿ ಪ್ರಾರ್ಥನೆ ನಡಿಸಿದರೆ ನಿಮ್ಮ ಮುಖ ಬಾಡಬೇಕೋ, ಅರಳಬೇಕೋ? ಸ್ನಾನಿಕನಾದ ಯೋಹಾನನು ತನ್ನ ಶಿಷ್ಯರು ಯೇಸುವಿನ ಹಿಂದೆ ಹೋದಾಗ ಸಂತೋಷಪಟ್ಟನೇ ಹೊರತು ಮತ್ಸರಪಡಲಿಲ್ಲ. ಪಂದ್ಯದ ಕಪ್ಪಿಗೆ ತುಕ್ಕು ಹಿಡಿದೀತು. ಕ್ರಿಸ್ತನಿಗಾಗಿ ಬೆಳೆಸಿದ ಒಂದು ಆತ್ಮವು ನಿತ್ಯವಾಗಿ ನಿಲ್ಲುವದು.

ಆಲೋಚಿಸತಕ್ಕ ಪ್ರಶ್ನೆಗಳು

೧. ಇನ್ನೂರು ಮಂದಿ ಹಳ್ಳದ ಬಳಿಯಲ್ಲಿ ಯಾಕೆ ನಿಂತರು? ಅವರು ಸೋಮಾರಿಗಳೋ?

೨. ನಮ್ಮ ಸಭೆಯಲ್ಲಿ ಸಾಮಾನಿನ ಬಳಿಯಲ್ಲಿ ನಿಂತವರು ಯಾರು? ಈ ವಾರ ಅವರಿಗೆ ಯಾವ ಮರ್ಯಾದೆ ತೋರಿಸುವೆವು?

೩. ನನ್ನ ಕೆಲಸವನ್ನು ಮುಂದೆ ಮಾಡತಕ್ಕ ಒಬ್ಬನನ್ನಾದರೂ ನಾನು ಸಿದ್ಧಪಡಿಸುತ್ತಿದ್ದೇನೋ?

ಪ್ರಾರ್ಥನೆ: ಕರ್ತನೇ, ನಮಗಿಂತ ಕಿರಿಯರು ಮುಂದಾಗುವಾಗ ಹರ್ಷಿಸುವ ಮನಸ್ಸನ್ನೂ, ದೊರೆತದ್ದನ್ನು ಹಂಚಿಕೊಳ್ಳುವ ಕೈಯನ್ನೂ ನಮಗೆ ದಯಪಾಲಿಸು. ಆಮೆನ್.